ಹಿತ್ತಲಿನ ಗರಿಕೆ

ಗರಿಕೆಯನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವರ ತಲೆಯ ಮೇಲೇರುವ ಹುಲ್ಲಂತೆ, ಎಷ್ಟು ತುಳಿದರೂ ಚಿಗುರುವ ಹುಲ್ಲಂತೆ. ನಿಮ್ಮ ವಂಶ ಗರಿಕೆಯ ಹಾಗೆ ಹಬ್ಬಲಿ ಎಂದು ಮದುವೆಯಲ್ಲಿ ಹರಸುವ ಹಿರಿಯರು ಬೇರೆ. ನನಗೂ ಹಾಗೇ ಹರಸಿದ್ದರು. ಅವರಲ್ಲಿ ಒಬ್ಬರಾದರೂ ಎರೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಮಾರು ಗರಿಕೆ ಕಿತ್ತಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ನಾನು ಕಡೂರಿನ ಕಡೆಯವಳು. ನನ್ನ ತವರಿನಲ್ಲಿ ಮರಳು ಬೆರೆತ ಕೆಂಪು ಮಣ್ಣು. ಮಳೆ ಬಂದ ಮಾರನೆಯ ದಿನ ಹುಲ್ಲಿನ ಜುಟ್ಟು ಹಿಡಿದು ಎಳೆದರೆ ಬೇರು ಸಮೇತ ಕೈಗೆ ಬರುತ್ತದೆ. ಎಪ್ಪತ್ತರ ದಶಕದ ಮೊದಲಲ್ಲಿ ನನ್ನನ್ನು ಅಜ್ಜಂಪುರದ ಆಚೆ, ಶಿವನಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಒಂದು ಊರಿಗೆ ಕೊಟ್ಟರು. ಅಲ್ಲಿಯದು ಕಪ್ಪು ಎರೆ. ಮಳೆಗಾಲದಲ್ಲಿ ಕಾಲು ಹಿಡಿದರೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟುಕೊಂಡು ಕಲ್ಲಿನಂತೆ ಬಿದ್ದಿರುತ್ತದೆ. ಆ ಮನೆಯ ಮಂದಿಯೂ ಹೆಚ್ಚು ಕಡಿಮೆ ಹಾಗೇ ಇದ್ದರು ಎಂದು ಬರೆಯಲು ಈಗ ನನಗೆ ಯಾರ ಹೆದರಿಕೆಯೂ ಇಲ್ಲ.

ಮನೆಯಲ್ಲಿ ಮಾವ ಇರಲಿಲ್ಲ. ಅತ್ತೆಯ ಮಾತೇ ನಡೆಯುತ್ತಿತ್ತು. ದೊಡ್ಡ ಮಗ, ಅಂದರೆ ನನ್ನ ಭಾವ, ಬೇಸಾಯ ನೋಡಿಕೊಳ್ಳುತ್ತಿದ್ದರು. ಚಿಕ್ಕ ಮಗ ನನ್ನ ಗಂಡ, ರೈಲ್ವೆಯಲ್ಲಿ ಗ್ಯಾಂಗ್‌ಮನ್. ಭಾವನ ಹೆಂಡತಿ ನನ್ನ ವಾರಗಿತ್ತಿ, ನಾನು ಅಕ್ಕ ಎಂದು ಕರೆಯುತ್ತಿದ್ದವಳು. ಅಡಿಗೆಮನೆ ಅವಳದು. ನಾನು ರುಬ್ಬಬೇಕು, ಬೀಸಬೇಕು, ಸೌದೆ ಒಡೆಯಬೇಕು. ಒಗ್ಗರಣೆಗೆ ಕೈ ಹಾಕುವಂತಿಲ್ಲ. ಒಮ್ಮೆ ನನ್ನ ಗಂಡನ ಬುತ್ತಿಗೆ ಎರಡು ಹಸಿಮೆಣಸಿನಕಾಯಿ ತೆಗೆದುಕೊಂಡೆ ಅಂತ ಅವಳು ಮೂರು ದಿನ ಮುಖ ಊದಿಸಿಕೊಂಡಿದ್ದಳು. "ಸಂತೆ ಬರೋವರ್ಗೂ ಇಷ್ಟೇ ಇರೋದು ಕಣೇ. ನಿಮ್ಮಪ್ಪನ ಮನೆ ಹಿತ್ಲಲ್ಲಿ ಬೆಳೆದಿದ್ಯಾ?" ಎಂದಳು.

ಆ ಮಾತೇ ನನ್ನ ತಲೆಯೊಳಗೆ ಹೊಕ್ಕಿತು. ಹಿತ್ತಲು ನಮ್ಮ ಮನೆಗೂ ಇತ್ತಲ್ಲ. ಕೊಟ್ಟಿಗೆಗೂ ಬಾವಿಗೂ ನಡುವೆ ಎಂಟು ಮಾರು ಉದ್ದ, ಆರು ಮಾರು ಅಗಲದ ಜಾಗ. ಕರು ಕಟ್ಟುವುದು ಬಿಟ್ಟರೆ ಬೇರೆ ಯಾವ ಉಪಯೋಗಕ್ಕೂ ಬಾರದೆ ಗರಿಕೆ ಚಾಪೆ ಹಾಸಿಕೊಂಡು ಮಲಗಿತ್ತು. ಬಚ್ಚಲ ನೀರು ಅತ್ತಲೇ ಹರಿಯುತ್ತಿತ್ತು. ಅದನ್ನು ನನಗೆ ಬಿಟ್ಟುಕೊಡಿ, ತರಕಾರಿ ಹಾಕುತ್ತೇನೆ ಎಂದು ಅತ್ತೆಯನ್ನು ಕೇಳಿದೆ. ಜಗಲಿಯಲ್ಲಿ ಎಲ್ಲರೂ ಇದ್ದರು. ಅತ್ತೆ ಎಲೆ ಅಡಿಕೆ ಜಗಿಯುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಮಾವನ ಕಾಲದಿಂದ ಯಾರ ಕೈಲೂ ಆಗಿಲ್ಲ ಕಣೇ ಆ ಗರಿಕೆ ತೆಗೆಯಾಕೆ. ನೀನು ತೆಗೆದ್ರೆ ಆ ಜಾಗ ನಿಂದೇ. ನಾನ್ ಅಂದ್ನಲ್ಲ, ಮುಗೀತು."

ಭಾವ ನನ್ನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ, ತಮ್ಮನ ಹೆಂಡತಿಯಲ್ಲವೇ. ಹೇಳುವುದನ್ನೆಲ್ಲ ಕಂಬಕ್ಕೆ ಹೇಳುತ್ತಿದ್ದರು. "ಅದೇನ್ ಮಹಾ? ಒಂದ್ಸಲ ನೇಗಿಲು ಹೊಡೆದು ಕುಂಟೆ ಎಳೆದ್ರೆ ಹೋಯ್ತು" ಎಂದು ಕಂಬಕ್ಕೆ ಹೇಳಿದರು. ಮಾರನೆಯ ದಿನ ಎತ್ತು ಕಟ್ಟಿಕೊಂಡು ಬಂದು ಅರ್ಧ ಗಂಟೆಯಲ್ಲಿ ಹಿತ್ತಲನ್ನೆಲ್ಲ ಕಪ್ಪಗೆ ತಿರುವಿ ಹಾಕಿದರು. ನಾನು ಬಾವಿಕಟ್ಟೆಯ ಮೇಲೆ ನಿಂತು ಇವರೇ ದೇವರು ಎಂದುಕೊಂಡೆ. ಹದಿನೈದು ದಿನಕ್ಕೆ ಭರಣಿ ಮಳೆ ಬಿತ್ತು. ನೇಗಿಲು ಕುಂಟೆ ಸೇರಿ ಚೂರು ಚೂರು ಮಾಡಿದ್ದ ಒಂದೊಂದು ಗೆಣ್ಣೂ ಒಂದೊಂದು ಸಸಿಯಾಗಿ ಎದ್ದಿತು. ಮೊದಲು ಚಾಪೆಯಾಗಿದ್ದದ್ದು ಈಗ ಜಮಖಾನವಾಯಿತು. ಭಾವ ಕಂಬಕ್ಕೂ ಏನೂ ಹೇಳಲಿಲ್ಲ.

ಈರುಳ್ಳಿ ಹೊಲಗಳಲ್ಲಿ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದ ಒಬ್ಬ ಮುದುಕಿ ಬಾವಿಗೆ ನೀರಿಗೆ ಬಂದಾಗ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಮ್ಮವ್ವ, ಗರಿಕೇನ ಯಾರಾದ್ರೂ ಕಡೀತಾರಾ? ಕಡಿದ್ರೆ ಬಿತ್ತಿದಂಗೇ. ಬಿಡಿಸ್ಬೇಕು. ತಲೆ ಸಿಕ್ಕು ಬಿಡಿಸ್ತೀಯಲ್ಲ, ಹಂಗೆ." ಹೇಗೆಂದು ಅವಳೇ ಕೂತು ತೋರಿಸಿದಳು. ಹಿಂದಿನ ಸಂಜೆ ಒಂದು ಮಾರು ಜಾಗಕ್ಕೆ ನೀರು ಹಾಕಿ ನೆನೆಯಲು ಬಿಡಬೇಕು. ಬೆಳಿಗ್ಗೆ ಹಾರೆಯನ್ನು ಮೊಣಕೈಯಷ್ಟು ಆಳಕ್ಕೆ ಇಳಿಸಿ ಮೀಟಬೇಕು, ಕತ್ತರಿಸಬಾರದು. ಹೆಂಟೆ ಎದ್ದ ಮೇಲೆ ಹಾರೆ ಪಕ್ಕಕ್ಕಿಟ್ಟು ಬೆರಳಲ್ಲಿ ಮಣ್ಣು ಉದುರಿಸುತ್ತಾ ಬಿಳಿಯ ಬೇರನ್ನು ಅದು ಹೋದ ಕಡೆಯೆಲ್ಲ ಹಿಂಬಾಲಿಸಿ ಹೋಗಬೇಕು. ತುಂಡಾದರೆ ತುಂಡು ಸಿಗುವ ತನಕ ಹುಡುಕಬೇಕು. ಒಂದು ಗೆಣ್ಣು ಉಳಿದರೂ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮುಂದಿನ ಬೇಸಿಗೆಯಲ್ಲಿ, ಸುಗ್ಗಿ ಮುಗಿದ ಮೇಲೆ, ನಾನು ದಿನಕ್ಕೊಂದು ಮಾರಿನಂತೆ ಹಿಡಿದೆ. ಗಂಡನ ಸಹಾಯ ಕೇಳಿದರೆ, ಹಳಿಯ ಮೇಲಿನ ಹುಲ್ಲು ಕಿತ್ತು ಕಿತ್ತು ಬೊಬ್ಬೆ ಎದ್ದ ಕೈ ತೋರಿಸುತ್ತಿದ್ದರು. "ಹಗಲೆಲ್ಲ ಸರ್ಕಾರದ ಹುಲ್ಲು ಕೀಳ್ತೀನಿ. ಮನೆಗ್ ಬಂದು ನಿನ್ ಹುಲ್ಲೂ ಕೀಳ್ಬೇಕೇನೇ?" ಹೋಗಲಿ, ಗ್ಯಾಂಗಿನಲ್ಲಿ ಒಳ್ಳೆಯ ಹಾರೆಗಳಿವೆಯಲ್ಲ, ಒಂದು ವಾರಕ್ಕೆ ತಂದುಕೊಡಿ ಎಂದರೆ, "ಸರ್ಕಾರದ್ದು, ಮುಟ್ಟಬಾರದು" ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು. ಅಂಥ ಸತ್ಯವಂತ. ಕೊನೆಗೆ ಅಜ್ಜಂಪುರದ ಸಂತೆಯಲ್ಲಿ ಒಂದು ಹಳೆಯ ಹಾರೆ ಕೊಂಡುತಂದರು. ತುದಿ ಮೊಂಡಾಗಿತ್ತು, ಆದರೆ ಅದು ನನ್ನದು.

ಎದ್ದ ಗರಿಕೆಯನ್ನು ಸುಡೋಣ ಎಂದರೆ ಅತ್ತೆ ಬಿಡಲಿಲ್ಲ. "ಬೆನಕನ ತಲೆ ಮೇಲೆ ಇಡಾದನ್ನ ಬೆಂಕಿಗೆ ಹಾಕ್ತೀಯಾ? ಮನೆ ಉದ್ಧಾರ ಆಗುತ್ತೆ." ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ವಾಪಸು ಬರುತ್ತದೆ ಎಂದು ಮುದುಕಿ ಹೇಳಿದ್ದಳು. ಹಾಗಾಗಿ ದಿನಾ ಮಕ್ಕರಿಗೆ ತುಂಬಿಕೊಂಡು ಊರಾಚೆಯ ಹಾಸುಬಂಡೆಗೆ ಹೊತ್ತುಹೋಗಿ ಹರಡುತ್ತಿದ್ದೆ. ಬಿಸಿಲಿಗೆ ಒಣಗಿ, ಮುರಿದರೆ ಚಟ್ಟೆನ್ನಬೇಕು, ಆಗಲೇ ಅದು ಸತ್ತಿದೆ ಅಂತ ಲೆಕ್ಕ. ಓಣಿಯ ಹೆಂಗಸರು, "ಏನವ್ವಾ, ಯಾವ ಬೆನಕನ ಪೂಜೆಗೆ ಮಕ್ಕರಿಗಟ್ಟಲೆ ಗರಿಕೆ?" ಎಂದು ನಗುತ್ತಿದ್ದರು. ನನ್ನ ಉಗುರುಗಳ ಸಂದಿಯ ಕಪ್ಪು ಆ ವರ್ಷವೆಲ್ಲ ಹೋಗಲಿಲ್ಲ. ಅಂಥ ಕೈಯಲ್ಲಿ ಹಿಟ್ಟು ಮುಟ್ಟಬೇಡ ಎಂದು ವಾರಗಿತ್ತಿ ನನ್ನನ್ನು ಬೀಸುವುದರಿಂದಲೂ ಬಿಡಿಸಿದಳು. ಅವಳಿಂದ ನನಗಾದ ಉಪಕಾರ ಅದೊಂದೇ.

ನಲವತ್ತೆಂಟು ಮಾರು, ಐವತ್ತೈದು ದಿನ. ಮಳೆ ಬಿತ್ತು. ಹದಿನೈದು ದಿನ ಕಾದೆವು. ಅಲ್ಲೊಂದು ಇಲ್ಲೊಂದು ಎಳೆ ಕಂಡದ್ದನ್ನು ಆಳಕ್ಕೆ ಹೋಗಿ ತೆಗೆದೆ. ಆಮೇಲೆ ಕಪ್ಪು ಮಣ್ಣು ಕಪ್ಪಾಗಿಯೇ ಉಳಿಯಿತು. ಅತ್ತೆ ಬಂದು ಸುತ್ತಲೂ ನಡೆದು ನೋಡಿದರು, ಏನೂ ಹೇಳಲಿಲ್ಲ. ಅವರು ಏನೂ ಹೇಳಲಿಲ್ಲ ಎಂದರೆ ಮೆಚ್ಚಿದರು ಎಂದೇ ಅರ್ಥ.

ಆ ಕಡೆ ಯಾವ ಕೆಲಸ ಶುರು ಮಾಡಿದರೂ ಮೊದಲು ಬೆನಕ ಇಡಬೇಕು. ಸಗಣಿಯ ಉಂಡೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಹೊಲವಾದರೆ ಹೊಲದ ಮೂಲೆಗೆ, ಕಣವಾದರೆ ಕಣದ ನಡುವೆ ಇಟ್ಟು ಹಾಲೋ ನೀರೋ ಎರೆದು ಕೈಮುಗಿಯುವುದು. ಹಿತ್ತಲಿಗೆ ಮೊದಲ ಬೀಜ ಹಾಕುವ ದಿನ ಅತ್ತೆಯೇ ಬೆನಕ ಇಟ್ಟರು. ಅದಕ್ಕೆ ಬೇಕಾದ ಗರಿಕೆ ನಮ್ಮ ಹಿತ್ತಲಿನಲ್ಲಿ ಇರಲಿಲ್ಲ, ಓಣಿಗೆ ಹೋಗಿ ಚಿವುಟಿ ತಂದೆ. ಎಂಥ ಜಂಬ ನನಗೆ ಅಂದು! ತಂದದ್ದನ್ನು ಅತ್ತೆ ಒಂದೊಂದಾಗಿ ನೋಡಿ ಮೂರೆಸಳಿನ ಕುಡಿಗಳನ್ನಷ್ಟೇ ಆರಿಸಿದರು. "ಕುಡಿ ಮಾತ್ರ ಇಡ್ಬೇಕು ಕಣೇ. ಒಂದು ಗೆಣ್ಣೂ ಬರಬಾರ್ದು. ಸಗಣಿ, ನೀರು, ಎರೆ ಮಣ್ಣು, ಇನ್ನೇನ್ ಬೇಕು ಅದಕ್ಕೆ? ಬೇರ್ ಬಿಟ್ಬಿಡುತ್ತೆ." ಆ ಪಾಠ ಹೇಳಿಕೊಟ್ಟವರು ಅವರೇ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮೂರು ವರ್ಷ ನಾನು ಆ ಹಿತ್ತಲಿನಲ್ಲಿ ಬದುಕಿದೆ. ಬದನೆ, ಹಸಿಮೆಣಸಿನಕಾಯಿ, ದಂಟು, ಮೆಂತ್ಯ. ಕೊಟ್ಟಿಗೆಯ ಗೋಡೆಗೆ ಹೀರೆ ಬಳ್ಳಿ. ವಾರಗಿತ್ತಿ ಕೊತ್ತಂಬರಿಗೆ ಬಂದು "ಒಂದು ಹಿಡಿ ಕೊಡೇ" ಎಂದು ಕೇಳಬೇಕಾಯಿತು. ನಾನು ಎರಡು ಹಿಡಿ ಕೊಡುತ್ತಿದ್ದೆ. ಒಳ್ಳೆಯತನದಿಂದ ಅಲ್ಲ.

ಆಮೇಲೆ ಅಣ್ಣ ತಮ್ಮಂದಿರು ಪಾಲಾದರು. ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು. ಊರಿನ ನಾಲ್ಕು ಜನ ಹಿರಿಯರು ನಮ್ಮ ಜಗಲಿಯಲ್ಲಿ ಕೂತು ಹಂಚಿದರು. ಹೊಲ, ಎತ್ತು, ಪಾತ್ರೆ ಎಲ್ಲ ಮುಗಿದು ಹಿತ್ತಲಿಗೆ ಬಂದರು. ಮನೆಗೆ ನಡುಗೋಡೆ ಎತ್ತುವುದು, ಹಿತ್ತಲು ಪೂರ್ತಿ ದೊಡ್ಡವರಿಗೆ, ನಮಗೆ ಬಾವಿಯ ಹಕ್ಕು ಮಾತ್ರ. "ಚಿಕ್ಕೋನಿಗೇನು, ರೈಲ್ವೆ ಸಂಬಳ ಐತೆ. ಇವತ್ ಈ ಊರು, ನಾಳೆ ಯಾವ ಊರೋ. ಅವನಿಗ್ಯಾಕೆ ಹಿತ್ಲು?" ಎಂದರು ಒಬ್ಬ ಹಿರಿಯರು. ನಾನು ಬಾಗಿಲ ಹಿಂದೆ ನಿಂತಿದ್ದವಳು ಹೊಸಿಲಿಗೆ ಬಂದೆ. ಅಂಥ ಸಭೆಯಲ್ಲಿ ಹೆಂಗಸು ಬಾಯಿ ತೆರೆಯುವಂತಿರಲಿಲ್ಲ. ಬಾಯಿ ತೆರೆಯಬಹುದಾದ ಹೆಂಗಸು ಒಬ್ಬರೇ, ಅತ್ತೆ. ನಾನು ಅವರನ್ನೇ ನೋಡುತ್ತಾ ನಿಂತೆ. ತೆಗೆದವಳಿಗೇ ಜಾಗ ಎಂದವರು ನೀವಲ್ಲವೇ, ಹೇಳಿ. ಅತ್ತೆ ಎಲೆಯ ತೊಟ್ಟು ಮುರಿಯುತ್ತಾ ಕೂತಿದ್ದರು. ಒಂದು ಎಲೆ ಮುಗಿಸಿ ಇನ್ನೊಂದು ಎತ್ತಿಕೊಂಡರು. ತಲೆ ಎತ್ತಲಿಲ್ಲ.

ನನ್ನ ಗಂಡನೋ, ಎಲ್ಲಿ ಹೇಳಿದರೆ ಅಲ್ಲಿ ಹೆಬ್ಬೆಟ್ಟು ಒತ್ತುವ ಮನುಷ್ಯ. ತರೀಕೆರೆಗೆ ಹೋಗಿ ಕಾಗದ ರಿಜಿಸ್ಟರ್ ಮಾಡಿಸಿ, ಬರುವಾಗ ನನಗೆ ಖಾರ ಮಂಡಕ್ಕಿ ಪೊಟ್ಟಣ ತಂದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ನನ್ನದು, ಮೊಸರಾದ ಬಾಯಿ ವಾರಗಿತ್ತಿಯದು.

ಅತ್ತೆ ದೊಡ್ಡ ಮಗನ ಪಾಲಿಗೆ ಹೋದರು. ಅವರ ತಟ್ಟೆ ಆ ಮನೆಯಲ್ಲಿ ಇರಬೇಕಾದ್ದರಿಂದ ಅವರು ಬಾಯಿ ಬಿಡಲಿಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ. ಆಗಲೂ ಅರ್ಥವಾಗಿತ್ತು ಅನ್ನಿ. ಅರ್ಥವಾದರೆ ಸಿಟ್ಟು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು?

ನನ್ನ ಗಿಡಗಳನ್ನೆಲ್ಲ ಕಿತ್ತು ಹೊಸದಾಗಿ ಪಾತಿ ಮಾಡಿಸಿದರು. ಬೀಜ ಹಾಕುವ ದಿನ ಬೆಳಿಗ್ಗೆ ಅತ್ತೆ ನಡುಗೋಡೆ ಬಳಸಿಕೊಂಡು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ಕುಂಕುಮ, ರವಿಕೆ ಕಣ, ತೆಂಗಿನಕಾಯಿ.

"ಗರಿಕೆ ತೆಗೆದೋಳು ನೀನು. ನಿನ್ ಕೈಲೇ ಬೆನಕ ಇಡಿಸ್ಬೇಕು ಅಂತ ಹೇಳಿದೀನಿ. ಬಾರೇ. ನಿನ್ ಕೈಗುಣ ಒಳ್ಳೇದು."

ಜಾಗ ಕಿತ್ತುಕೊಂಡವರು ಕೈಗುಣ ಕೇಳಿಕೊಂಡು ಬಂದಿದ್ದರು. ಅವರ ಮಟ್ಟಿಗೆ ಅದು ನನಗೆ ಮಾಡುವ ಮರ್ಯಾದೆ. ರವಿಕೆ ಕಣಕ್ಕೆ ಸರಿಹೋಗುತ್ತಾಳೆ ಎಂದುಕೊಂಡರೇನೋ. ಆ ತಟ್ಟೆಯನ್ನು ಎತ್ತಿ ಬೀದಿಗೆ ಎಸೆದಿದ್ದರೆ ಚೆನ್ನಾಗಿತ್ತು, ಎಲ್ಲರೆದುರು ಜಗಳವಾಗಿ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. "ಬತ್ತೀನಿ ಅತ್ತೆ, ಗರಿಕೆ ತಗೊಂಡ್ ಬತ್ತೀನಿ, ನಡೀರಿ" ಎಂದೆ.

ಓಣಿಯಲ್ಲಿ, ಚರಂಡಿಯ ಪಕ್ಕ, ಕೊಬ್ಬಿದ ಒಂದು ಗರಿಕೆ ಹಂಬನ್ನು ಆರಿಸಿದೆ. ಐವತ್ತೈದು ದಿನ ಕಲಿತ ವಿದ್ಯೆ ಕೈಯಲ್ಲಿತ್ತು. ಒಂದು ಎಳೆಯೂ ತುಂಡಾಗದಂತೆ, ಐದಾರು ಗೆಣ್ಣು, ಬಿಳಿಯ ಬೇರಿನ ಸಮೇತ ಬಿಡಿಸಿಕೊಂಡೆ. ಬೇರನ್ನು ಸಗಣಿಯ ಉಂಡೆಯೊಳಗೆ ಸುತ್ತಿ ಮುಚ್ಚಿದೆ. ಮೇಲೆ ಕಾಣುವುದು ಮೂರೆಸಳಿನ ಕುಡಿ ಮಾತ್ರ. ಬಾವಿಯ ಕಡೆಯ ಮೂಲೆಯಲ್ಲಿ ನೆಲವನ್ನು ಸ್ವಲ್ಪ ಬಗೆದು ಬೆನಕನನ್ನು ಗಟ್ಟಿಯಾಗಿ ಕೂರಿಸಿದೆ. ವಾರಗಿತ್ತಿ ಕರ್ಪೂರ ಹಚ್ಚಿದಳು. ಅತ್ತೆ ಬಗ್ಗಿ ಒಂದು ಚೆಂಬು ಹಾಲುನೀರನ್ನು ನಿಧಾನವಾಗಿ ಎರೆದರು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ.

ಮೊದಲ ವರ್ಷ ಆ ಮೂಲೆಯಲ್ಲಿ ನಾಲ್ಕು ಎಳೆ ಬಿಟ್ಟರೆ ಏನೂ ಕಾಣಲಿಲ್ಲ. ಎರಡನೆಯ ಮಳೆಗಾಲಕ್ಕೆ ಬಾವಿಯ ಮೂಲೆಯಿಂದ ಬದನೆ ಸಾಲಿನವರೆಗೆ ಹಂಬು ಓಡಿತ್ತು. ಭಾವ ಗುದ್ದಲಿಯಿಂದ ಕೊಚ್ಚಿದರು. ನನ್ನ ಅಡಿಗೆಮನೆಗೆ ಆ ಕಡೆ ಒಂದು ಸಣ್ಣ ಕಿಟಕಿ ಇತ್ತು. ಈಗ ನನ್ನದೇ ಅಡಿಗೆಮನೆ, ನನ್ನದೇ ಒಗ್ಗರಣೆ. ಕೊಚ್ಚುವುದನ್ನು ನೋಡುತ್ತಾ ಸಾಸಿವೆ ಸಿಡಿಸುತ್ತಿದ್ದೆ. ಕೊಚ್ಚಿ, ಇನ್ನಷ್ಟು ಕೊಚ್ಚಿ ಎನ್ನುತ್ತಿದ್ದೆ ಮನಸ್ಸಿನಲ್ಲೇ. ನಾಲ್ಕನೆಯ ವರ್ಷಕ್ಕೆ ವಾರಗಿತ್ತಿ ಕೈಚೆಲ್ಲಿದಳು. ಅವಳಿಗೆ ಮೊದಲಿಂದಲೂ ತರಕಾರಿಯ ಮೇಲೆ ಆಸೆ ಇರಲಿಲ್ಲ, ಅದು ನನ್ನದಾಗಬಾರದು ಅನ್ನುವುದಷ್ಟೇ ಇತ್ತು. ಸಂತೆಯಿಂದ ತರಿಸತೊಡಗಿದಳು.

ಕೈಚೆಲ್ಲದವರು ಅತ್ತೆ. ಇದನ್ನು ನಾನು ಎಣಿಸಿರಲಿಲ್ಲ. ನಾನು ವಾರಗಿತ್ತಿಗೆ ತೋಡಿದ ಗುಂಡಿಯಲ್ಲಿ ಎಪ್ಪತ್ತು ದಾಟಿದ ಮುದುಕಿ ಬಂದು ಕೂತಳು. ದಿನಾ ಬೆಳಿಗ್ಗೆ, ಬಿಸಿಲು ಏರುವ ತನಕ, ಕಳೆ ಕೀಳುವ ಸಣ್ಣ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತು ಗರಿಕೆಯ ಮೇಲ್ಭಾಗವನ್ನು ಕೊಯ್ಯುತ್ತಿದ್ದರು. ಕೊಯ್ದಷ್ಟೂ ಅದು ಕೆಳಗೆ ಬಲಿಯುತ್ತದೆ. ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಬಾಗುತ್ತಾ ಹೋಯಿತು. ನಾನು ಕಿಟಕಿ ಮುಚ್ಚಿದೆ. ಹೊಗೆ ತುಂಬಿಕೊಂಡು ಮತ್ತೆ ತೆಗೆದೆ.

ಎಂಬತ್ತೈದರ ಸುಮಾರಿಗೆ ಒಂದು ಆಷಾಢದಲ್ಲಿ, ಬಾವಿಗೆ ಹೋದಾಗ ಅತ್ತೆ ಕೂಗಿದರು. ಅವರಿಗೆ ಕಣ್ಣು ಮಂಜಾಗಿತ್ತು. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದಿದ್ದರು.

"ಹೆಂಗ್ ತೆಗೆದ್ಯೇ ಅವತ್ತು ನೀನು? ಒಂಚೂರು ತೋರ್ಸಿಕೊಡೇ."

"ಮರೆತೋಯ್ತು ಅತ್ತೆ" ಎಂದೆ.

ಅತ್ತೆ ನಕ್ಕರು. ಕುಡುಗೋಲನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಬೇರ್ ಸಮೇತ ಇಡಾದು ಮರೀಲಿಲ್ಲ. ತೆಗೆಯಾದು ಮರೆತೋಯ್ತಾ?"

ಬಾವಿಯ ಹಗ್ಗ ನನ್ನ ಕೈಯಲ್ಲೇ ಉಳಿಯಿತು.

"ಹಾಲು ಹುಯ್ದೋಳು ನಾನಲ್ವೇನೇ? ಹುಯ್ಯಾ ಹೊತ್ಗೆ ಸಗಣಿ ಕರಗಿ ಬಿಳೀ ಬೇರು ಕಾಣ್ತು. ಇನ್ನೊಂಚೂರು ಮಣ್ಣ್ ಎಳೆದು ಮುಚ್ಚಿದ್ನಲ್ಲ, ನೋಡ್ಲಿಲ್ವಾ ನೀನು?"

"ನೋಡಿದೋರು ಕಿತ್ತು ಎಸೀಬೇಕಿತ್ತು." ಎಂದೆ.

"ಎಸೆದಿದ್ರೆ ನಿನ್ ಸಿಟ್ಟು ಎಲ್ಲಿಗೋಗ್ತಿತ್ತು? ಮನೆ ಒಳಿಕ್ ಬರ್ತಿತ್ತು. ಅಣ್ತಮ್ಮಂದ್ರು ಕೊಡ್ಲಿ ಹಿಡಿಯೋರು. ಮಣ್ಣಾಗೇ ಇರ್ಲಿ ಅಂದ್ಕೊಂಡೆ. ಮಾತ್ ತಪ್ಪಿದೋಳು ನಾನು, ನಾನೇ ಕೀಳಾನ ಅಂತ."

ಆ ಮಾತಿಗೆ ನಾನು ಕರಗಬೇಕಿತ್ತು. ಕರಗಲಿಲ್ಲ. ಕೊಟ್ಟ ಮಾತನ್ನು ಜಗಲಿಯ ಮೇಲೆ ನುಂಗಿದವರು, ನನ್ನ ಹಗೆಯನ್ನೂ ಆ ಮೂಲೆಯಲ್ಲಿ ಮಣ್ಣೆಳೆದು ಮುಚ್ಚಿ, ಹಾಲೆರೆದು, ತಮ್ಮದು ಮಾಡಿಕೊಂಡಿದ್ದರು. ಹಿತ್ತಲು ನನ್ನದಾಗಲಿಲ್ಲ. ಏಳು ವರ್ಷ ಒಳಗೊಳಗೇ ಸಾಕಿಕೊಂಡಿದ್ದ ಸೇಡೂ ನನ್ನದಾಗಿರಲಿಲ್ಲ. ನಾನು ಕೊಡ ಎತ್ತಿಕೊಂಡು ಒಳಗೆ ಹೋದೆ. ನನ್ನ ಹಾರೆ ಬಾಗಿಲ ಹಿಂದೆಯೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂರಲು ಹತ್ತು ಹೆಜ್ಜೆ ಸಾಕಾಗಿತ್ತು. ಹೋಗಲಿಲ್ಲ. ಆಷಾಢ ಹೋಯಿತು, ಶ್ರಾವಣ ಹೋಯಿತು, ಅವರು ದಿನಾ ಬಂದು ಕೂರುತ್ತಿದ್ದರು. ನಾನು ದಿನಾ ಆ ಹಾರೆಯನ್ನು ದಾಟಿಕೊಂಡು ಓಡಾಡುತ್ತಿದ್ದೆ. ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ಜ್ವರ ಬಂದು ಅತ್ತೆ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಭಾವ ನಮ್ಮ ಜಗಲಿಗೆ ಬಂದು ಕೂತರು. ನಾನು ಒಳಗಿದ್ದೆ. "ಹಿತ್ಲು ನೀವೇ ಇಟ್ಕೊಳ್ಳಿ ಅಂತ ಅವ್ವ ಹೇಳಿ ಹೋಗವ್ಳೆ. ನಮಗಂತೂ ಗರಿಕೆ ಬಿಟ್ರೆ ಅದ್ರಲ್ಲಿ ಏನೂ ಬೆಳೀಲಿಲ್ಲ" ಎಂದು ಕಂಬಕ್ಕೆ ಹೇಳಿದರು. ನನ್ನ ಗಂಡ ಕಂಬದ ಪರವಾಗಿ ತಲೆಯಾಡಿಸಿದರು.

ಹಾಗೆ ಅದು ನನ್ನದಾಯಿತು. ಮಾರನೆಯ ಬೆಳಿಗ್ಗೆ ಹಾರೆ ಹಿಡಿದುಕೊಂಡು ಹೋದೆ. ಎಲ್ಲೆಲ್ಲೂ ಗರಿಕೆ, ನಾನು ಮದುವೆಯಾಗಿ ಬಂದಾಗ ಇದ್ದ ಹಾಗೆಯೇ. ಬಾವಿಯ ಮೂಲೆಯಲ್ಲಿ, ಬೆನಕ ಇಟ್ಟ ಜಾಗದಲ್ಲಿ ಮಾತ್ರ ಒಂದು ಮೊರದಗಲ ಕಪ್ಪು ಮಣ್ಣು ಬರಿದಾಗಿತ್ತು. ಕೂತು ಬೆರಳು ತೂರಿಸಿದೆ. ಮಣ್ಣು ಮೊಣಕೈ ಆಳದ ತನಕ ಹಿಟ್ಟಿನಂತೆ ಸಡಿಲವಾಗಿತ್ತು, ಒಂದು ಗೆಣ್ಣೂ ಸಿಗಲಿಲ್ಲ. ಹಾರೆ ಇಲ್ಲದೆ, ಕಣ್ಣು ಕಾಣದೆ, ಅತ್ತೆ ಬೆರಳಲ್ಲೇ ಬಿಡಿಸಿದ್ದರು. ಪಕ್ಕದ ಚಪ್ಪಡಿಯ ಮೇಲೆ ಕಿತ್ತ ಬೇರುಗಳು ಒಣಗಿ ಬಿದ್ದಿದ್ದವು. ಒಂದನ್ನು ಎತ್ತಿ ಮುರಿದು ನೋಡಿದೆ. ಚಟ್ಟೆಂದಿತು.

ಉಳಿದದ್ದನ್ನು ನಾನು ಬಿಡಿಸಲಿಲ್ಲ. ಕರು ಕಟ್ಟಲು ಬಿಟ್ಟೆ.